ಕಾರಂಜಿ ಸಮಯ: ಸಂಜೆ 6ರಿಂದ 8

ನಮ್ಮ ಬಡಾವಣೆಯ ಕೆರೆ ಈ ಸಲ ಹಸಿರಾಯಿತು. ಗದ್ದೆಯ ಹಸಿರಲ್ಲ, ಗೇಟಿಗೆ ಬಳಿಯುವ ಎನಾಮಲ್ ಪೇಂಟಿನ ಹಸಿರು. ಗಾಳಿ ಬೀಸಿದ ಕಡೆಗೆ ಕೆನೆ ಕಟ್ಟಿಕೊಂಡು ತೂಬಿನ ಹತ್ತಿರ ಬಂದು ನಿಂತಿತ್ತು. ಸರಿಯಾಗಿ ಅದೇ ವಾರ ಕೆರೆ ಅಭಿವೃದ್ಧಿ ಕಾಮಗಾರಿಯ ಉದ್ಘಾಟನೆ. ಏರಿ ಮೇಲೆ ಕಟ್ಟಿದ ಫ್ಲೆಕ್ಸಿನಲ್ಲಿ ‘ಹಸಿರೇ ಉಸಿರು’ ಎಂದು ಬರೆದಿತ್ತು. ಕೆರೆ ಅದನ್ನು ಮೊದಲೇ ಓದಿಕೊಂಡಿತ್ತು ಅನ್ಸುತ್ತೆ.

ಅಭಿವೃದ್ಧಿ ಅಂತ ಏನೇನು ಬಂತು ಹೇಳಿಬಿಡುತ್ತೇನೆ. ಇಂಟರ್‌ಲಾಕ್ ಕಲ್ಲಿನ ವಾಕಿಂಗ್ ಪಾತ್. ಸ್ಟೀಲ್ ರೇಲಿಂಗು. ಕೆಂಪು ಹೃದಯದ ಸೆಲ್ಫಿ ಬೋರ್ಡು. ಸಿಮೆಂಟಿನ ಒಂದು ಜಿರಾಫೆ. ಹಾಸನಕ್ಕೂ ಜಿರಾಫೆಗೂ ಏನು ನೆಂಟಸ್ತಿಕೆ ಅಂತ ಕೇಳಬೇಡಿ. ಆನೆ ನಿಲ್ಲಿಸಿದ್ದರೆ ಕಾಡಾನೆ ಕಾಟ ಕಂಡ ಆಲೂರು, ಸಕಲೇಶಪುರದ ಕಡೆಯವರು ಬಸ್ಸಿಂದ ಇಳಿಯುತ್ತಿರಲಿಲ್ಲವೋ ಏನೋ. ಆಮೇಲೆ ನಡು ನೀರಿನಲ್ಲಿ ಕಾರಂಜಿ. ಕೆಂಪು, ನೀಲಿ, ಹಳದಿ ದೀಪ. ಬಡಾವಣೆಯ ಕೊಳಚೆ ಕೆರೆಗೆ ಇಳಿಯುವ ಮೋರಿಯನ್ನು ಯಾರೂ ಮುಟ್ಟಿಲ್ಲ. ಅದರ ಮೇಲೆ ಚಂದದ ಒಂದು ಸೇತುವೆ ಕಟ್ಟಿದ್ದಾರೆ. ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಮೂಗು ಮುಚ್ಚಿಕೊಂಡರೆ ಮುಖ ಅರ್ಧ ಕಾಣಲ್ಲ, ಅಷ್ಟೆ.

ನಮ್ಮ ಪಕ್ಕದ ಮನೆಯಲ್ಲಿ ರಿಟೈರಾದ ಜೂವಾಲಜಿ ಮೇಷ್ಟ್ರಿದ್ದಾರೆ. ಹೆಂಡತಿಯ ಹಳೇ ನೈಲಾನ್ ಸೀರೆಯಲ್ಲಿ ಒಂದು ಬಲೆ ಹೊಲಿಸಿಕೊಂಡು ವಾರಕ್ಕೊಮ್ಮೆ ಕೆರೆಗೆ ಹೋಗುತ್ತಾರೆ. ವಾಕಿಂಗ್ ಬಂದವರು ‘ಏನ್ ಸಾರ್, ಎಷ್ಟು ಕೆಜಿ ಬಿತ್ತು?’ ಅಂತ ಕೇಳುತ್ತಾರೆ. ಬೀಳುವುದು ಒಂದು ಚಮಚವೂ ಅಲ್ಲ. ಅವರು ಹಿಡಿಯುವುದು ಪ್ಲಾಂಕ್ಟನ್. ನೀರಿನಲ್ಲಿ ತೇಲಿಕೊಂಡು, ಹರಿವು ಒಯ್ದ ಕಡೆ ಹೋಗುವ ಜೀವಗಳಿಗೆಲ್ಲ ಸೇರಿ ಆ ಹೆಸರು. ಒಂದು ದಿನ ಹಾರ್ಲಿಕ್ಸ್ ಬಾಟಲಿಯನ್ನು ಬಿಸಿಲಿಗೆ ಹಿಡಿದು ತೋರಿಸಿದರು. ರವೆ ಕಾಳಿನಷ್ಟು ಚುಕ್ಕಿಗಳು ಕುಪ್ಪಳಿಸುತ್ತಿದ್ದವು. ಡಾಫ್ನಿಯಾ, ಅಂದರೆ ನೀರು ಚಿಗಟ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೈಯೆಲ್ಲ ಗಾಜು. ಬೆನ್ನ ಕಡೆ ಹೃದಯ ಪಟಪಟ ಬಡಿಯುವುದು ಕಾಣುತ್ತದೆ. ಕರುಳಿನಲ್ಲಿ ಒಂದು ಹಸಿರು ಗೆರೆ. ಅದು ತಿಂದ ಪಾಚಿ. ತಿಂದದ್ದನ್ನೆಲ್ಲ ಹೀಗೆ ಹೊರಗೆ ಕಾಣುವಂತೆ ಇಟ್ಟುಕೊಂಡ ಸಾರ್ವಜನಿಕ ಸೇವಕನನ್ನು ನಾನು ಬೇರೆಲ್ಲೂ ಕಂಡಿಲ್ಲ.

‘ಪಾಚಿ ಹುಲ್ಲು, ಇದು ದನ’ ಅಂದರು ಮೇಷ್ಟ್ರು. ‘ಮೇಯೋರಿದ್ದರೆ ಹುಲ್ಲು ಹದ್ದುಬಸ್ತಿನಲ್ಲಿರುತ್ತೆ. ಇದನ್ನ ಸಣ್ಣ ಮೀನು ತಿನ್ನುತ್ತೆ. ಸಣ್ಣ ಮೀನನ್ನ ಕೊರವ ತಿನ್ನುತ್ತೆ. ಕೊರವನ್ನ ನೀವು ಭಾನುವಾರ ತಿಂತೀರಿ. ಮೇಲಿಂದ ಎಳೆದರೂ ಕೆಳಗಿಂದ ಎಳೆದರೂ ಇಡೀ ಬಲೆ ಅಲ್ಲಾಡುತ್ತೆ.’

ಈ ಸಲ ಎರಡೂ ಕಡೆಯಿಂದ ಎಳೆದಿದ್ದಾರೆ. ಕೆಳಗಿನಿಂದ ಗೊಬ್ಬರ. ನಮ್ಮದು ಆಲೂಗಡ್ಡೆ ಜಿಲ್ಲೆ, ಈಗ ಶುಂಠಿಯೂ ಜಾಸ್ತಿ. ಹೊಲಕ್ಕೆ ಸುರಿದ ಗೊಬ್ಬರದಲ್ಲಿ ಬೆಳೆ ತಿಂದು ಬಿಟ್ಟಿದ್ದನ್ನು ಮುಂಗಾರಿನ ಒಂದು ಬಿರುಮಳೆ ಬಾಚಿಕೊಂಡು ಕೆರೆಗೆ ತರುತ್ತದೆ. ಉಳಿದದ್ದನ್ನು ನಮ್ಮ ಬಚ್ಚಲು ಕೊಡುತ್ತದೆ. ಅದರ ಮೇಲೆ ಬಿಸಿಲು. ನೀರು ಕಾದಷ್ಟೂ ಮೈಕ್ರೋಸಿಸ್ಟಿಸ್ ಎಂಬ ನೀಲಿಹಸಿರು ಪಾಚಿಗೆ ಹಬ್ಬ. ಜೀವಕೋಶದೊಳಗೆ ಗಾಳಿ ಚೀಲ ಇಟ್ಟುಕೊಂಡು ಮೇಲೆ ತೇಲಿ, ಬೆಳಕನ್ನೆಲ್ಲ ತಾನೇ ನುಂಗುತ್ತದೆ. ಲೋಳೆ ಲೋಳೆಯಾಗಿ ಗುಂಪುಗೂಡಿಬಿಟ್ಟರೆ ಪಾಪದ ನೀರು ಚಿಗಟದ ಬಾಯಿಗೆ ಹಿಡಿಸುವುದೂ ಇಲ್ಲ. ಇದರ ಕೆಲವು ತಳಿಗಳು ಯಕೃತ್ತಿಗೆ ಬಡಿಯುವ ವಿಷ ಬಿಡುತ್ತವೆ. ಕುದಿಸಿದರೂ ಆ ವಿಷ ಹೋಗಲ್ಲ.

ಮೇಷ್ಟ್ರು ಸುಮ್ಮನಿರಲಿಲ್ಲ. ಹೋಗಿ ಅರ್ಜಿ ಕೊಟ್ಟರು. ‘ಕೆರೆಯಲ್ಲಿ ನೀರು ಚಿಗಟಗಳ ಸಂಖ್ಯೆ ತೀರಾ ಕಡಿಮೆಯಾಗಿದ್ದು, ಅವುಗಳನ್ನು ಉಳಿಸಲು ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ.’ ಕಚೇರಿಯಲ್ಲಿ ಅರ್ಜಿಯ ಒಂದೇ ಪದ ಓದಿದರು. ಹತ್ತನೇ ದಿನಕ್ಕೆ ಬೆನ್ನಿಗೆ ಕ್ಯಾನ್ ಕಟ್ಟಿಕೊಂಡ ಇಬ್ಬರು ಹುಡುಗರು ಬಂದು ಕೆರೆ ಅಂಚಿಗೆಲ್ಲ ಔಷಧಿ ಹೊಡೆದರು. ಆಮೇಲೆ ಹಿಂಬರಹ ಬಂತು. ‘ಚಿಗಟ ನಿಯಂತ್ರಣಕ್ಕೆ ಕ್ರಮ ಕೈಗೊಂಡಿದ್ದು, ತಮ್ಮ ಅರ್ಜಿ ವಿಲೇವಾರಿಯಾಗಿದೆ.’

ತಮಾಷೆ ಏನು ಗೊತ್ತಾ? ನೀರಿಗೆ ಸೇರುವ ರಾಸಾಯನಿಕ ಎಷ್ಟು ಅಪಾಯ ಅಂತ ಪ್ರಪಂಚದ ಲ್ಯಾಬುಗಳಲ್ಲಿ ಮೊದಲು ಪರೀಕ್ಷೆ ಮಾಡುವುದೇ ಈ ಡಾಫ್ನಿಯಾ ಮೇಲೆ. 48 ಗಂಟೆ ಆ ನೀರಿನಲ್ಲಿ ಬಿಟ್ಟು, ಎಷ್ಟು ಈಜುವುದು ನಿಲ್ಲಿಸುತ್ತವೆ ಅಂತ ಎಣಿಸುತ್ತಾರೆ. ಕೀಟನಾಶಕಕ್ಕಂತೂ ಇವು ಬಹಳ ಬೇಗ ಸಾಯುತ್ತವೆ. ನಮ್ಮ ಕಚೇರಿ ಈ ಪರೀಕ್ಷೆಯನ್ನು ಒಂದು ಇಡೀ ಕೆರೆಯಲ್ಲಿ ಮಾಡಿ ಮುಗಿಸಿತು. ಎಣಿಸುವುದೊಂದು ಬಾಕಿ.

ಅಷ್ಟರಲ್ಲಿ ಸೊಳ್ಳೆ ಕಾಟ ಅಂತ ಬಡಾವಣೆಯವರು ಗಲಾಟೆ ಎಬ್ಬಿಸಿದರು. ಗ್ಯಾಂಬೂಸಿಯಾ ಮೀನು ತಂದು ಬಿಟ್ಟರು. ಲಾರ್ವಾ ತಿನ್ನುವ ಮೀನಿನ ಬಗ್ಗೆ ನಾನು ಹಗುರವಾಗಿ ಮಾತಾಡುತ್ತಿಲ್ಲ. ನಮ್ಮದೇ ಜಿಲ್ಲೆಯ ಬಾಣಾವರದ ಕಡೆ ಬಾವಿಗಳಿಗೆ ಅಂಥ ಮೀನು ಬಿಟ್ಟು ಮಲೇರಿಯಾಕ್ಕೆ ಲಗಾಮು ಹಾಕಿದ್ದಾರೆ. ಆದರೆ ಬಾವಿ ಬೇರೆ, ಕೆರೆ ಬೇರೆ. ಗ್ಯಾಂಬೂಸಿಯಾ 1928ರಲ್ಲಿ ನಮ್ಮ ದೇಶಕ್ಕೆ ಬಂದ ಅಮೆರಿಕದ ಮೂಲದ ಮೀನು. ‘ಸೊಳ್ಳೆ ಮೀನು’ ಅನ್ನುವುದು ನಾವು ಇಟ್ಟ ಹೆಸರು. ಮೀನಿಗೆ ಅದನ್ನು ಯಾರೂ ಓದಿ ಹೇಳಿಲ್ಲ. ಅದು ಬಾಯಿಗೆ ಸಿಕ್ಕಿದ್ದನ್ನು ತಿನ್ನುತ್ತದೆ, ನೀರು ಚಿಗಟವನ್ನಂತೂ ಚಪ್ಪರಿಸಿಕೊಂಡು. 1972ರಲ್ಲೇ ಅಮೆರಿಕದ ವಿಜ್ಞಾನಿಗಳು ಪ್ರಯೋಗದ ಕೊಳಗಳಲ್ಲಿ ಇದನ್ನು ಬಿಟ್ಟು ನೋಡಿದ್ದರು. ನೀರು ಚಿಗಟದಂಥ ಪ್ರಾಣಿ ಪ್ಲಾಂಕ್ಟನ್ ಕುಸಿಯಿತು, ಪಾಚಿಯಂಥ ಸಸ್ಯ ಪ್ಲಾಂಕ್ಟನ್ ಉಕ್ಕಿತು, ನೀರು ಹಸಿರಾಯಿತು. ನಮ್ಮಲ್ಲಿ ಅದರ ಜೊತೆಗೆ ಮೀನುಮರಿ ಬಿತ್ತನೆ ಕಾರ್ಯಕ್ರಮವೂ ಆಯಿತು. ಹಾರ, ಬ್ಯಾಂಡ್‌ಸೆಟ್ಟು ಎಲ್ಲ ಇತ್ತು. ಕಾಟ್ಲಾ ಮೇಲಿನ ನೀರಿನ ಪ್ರಾಣಿ ಪ್ಲಾಂಕ್ಟನ್ ತಿಂದು ಬೆಳೆಯುವ ಮೀನು. ಸಾಮಾನ್ಯ ಗೆಂಡೆ ತಳದ ಕೆಸರು ಕೆದಕಿ, ಅಲ್ಲಿ ಕೂತಿದ್ದ ರಂಜಕವನ್ನು, ಅಂದರೆ ಪಾಚಿಗೆ ಗೊಬ್ಬರವಾಗುವ ಫಾಸ್ಫರಸ್ಸನ್ನು, ಮತ್ತೆ ನೀರಿಗೆ ಬಿಡುತ್ತದೆ. ಅಂದರೆ ಇದ್ದ ನಾಲ್ಕು ದನವನ್ನೂ ಹೊಡೆದು, ಹುಲ್ಲಿಗೆ ಗೊಬ್ಬರ ಹಾಕಿದೆವು.

ಇಷ್ಟಾದ ಮೇಲೆ ಒಂದು ಮೀಟಿಂಗು ಕರೆದರು. ಮೇಷ್ಟ್ರ ಜೊತೆ ನಾನೂ ಹೋಗಿದ್ದೆ, ಗೋಡಂಬಿ ಬಿಸ್ಕೆಟ್ ಚೆನ್ನಾಗಿತ್ತು. ನೀರು ಒಬ್ಬರದು. ಮೀನು ಇನ್ನೊಬ್ಬರದು. ಏರಿ ಮತ್ತೊಬ್ಬರದು. ಒತ್ತುವರಿ ಸರ್ವೆಯವರದು. ಮೋರಿ ಯಾರದು ಅಂತ ಕೇಳಿದಾಗ ಎಲ್ಲರೂ ಫೋನ್ ನೋಡಿಕೊಂಡರು. ಪಾಚಿ ಯಾರದು ಅಂದಾಗ ಒಬ್ಬರು, ‘ಅದು ನೀರಲ್ಲಿರುತ್ತಾ, ನೀರಿನ ಮೇಲಿರುತ್ತಾ?’ ಎಂದು ಕೇಳಿದರು. ಮೇಲಿದ್ದರೆ ಕಸ. ಒಳಗಿದ್ದರೆ ನೀರಾವರಿ. ಒಮ್ಮೆ ಮೇಲಿದ್ದು ಇನ್ನೊಮ್ಮೆ ಇಳಿಯುವುದೂ ಉಂಟು ಅಂದರು ಮೇಷ್ಟ್ರು. ಹಾಗಾದರೆ ಜಂಟಿ ಸಮೀಕ್ಷೆ ಅಂತ ಬರೆದುಕೊಂಡರು.

ಮೇಷ್ಟ್ರು ಅಲ್ಲಿ ಕೆನಡಾದ ಕಥೆ ಹೇಳಿದರು. 1973ರಲ್ಲಿ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 226 ಎಂಬ ನಂಬರಿನ ಸರೋವರದ ನಡುವೆ ಪರದೆ ಕಟ್ಟಿದರು. ಎರಡೂ ಕಡೆಗೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಅರ್ಧ ಹಸಿರಾಯಿತು, ಇನ್ನರ್ಧ ತಿಳಿಯಾಗಿ ಉಳಿಯಿತು. ಆಕಾಶದಿಂದ ತೆಗೆದ ಆ ಫೋಟೊ ನೋಡಿಯೇ ಎಷ್ಟೋ ಜನರಿಗೆ ರಂಜಕದ ಕರಾಮತ್ತು ಅರ್ಥವಾಯಿತು. ಸಾಹೇಬರಿಗೆ ಕಥೆ ಬಹಳ ಹಿಡಿಸಿತು. ‘ಪರದೆ ಐಡಿಯಾ ಚೆನ್ನಾಗಿದೆ’ ಅಂದರು. ಮುಂದಿನ ವಾರ ದೊಡ್ಡವರೊಬ್ಬರ ಕಾರು ಆ ರಸ್ತೆಯಲ್ಲಿ ಹೋಗುವುದಿತ್ತು. ಕೆರೆ ಕಾಣದ ಹಾಗೆ ರೇಲಿಂಗಿನ ಉದ್ದಕ್ಕೂ ನರ್ಸರಿಯ ಹಸಿರು ನೆಟ್ ಕಟ್ಟಿಸಿದರು.

ಇನ್ನು ಕಾರಂಜಿ. ಇಡೀ ಕಾಮಗಾರಿಯಲ್ಲಿ ಕೆರೆಗೆ ಉಪಯೋಗಕ್ಕೆ ಬರುವ ವಸ್ತು ಅದೊಂದೇ. ನೀರನ್ನು ಎತ್ತಿ ಚೆಲ್ಲಿದರೆ ಒಂದಿಷ್ಟು ಆಮ್ಲಜನಕ ಸೇರುತ್ತದೆ. ಆದರೆ ಅದು ನಡೆಯುವುದು ಸಂಜೆ 6ರಿಂದ 8. ಹಗಲೆಲ್ಲ ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಟ್ಟು ಬಿಟ್ಟು, ಸಂಜೆ ಹೊತ್ತಿಗೆ ನೀರಿನಲ್ಲಿ ಅದು ತುಂಬಿರುತ್ತದೆ. ಆಗ ಕಾರಂಜಿ ಬೇಕಿರುವುದು ಮೀನಿಗಲ್ಲ, ಐಸ್‌ಕ್ರೀಂ ಗಾಡಿಯವನಿಗೆ. ರಾತ್ರಿಯಾದರೆ ಕಥೆ ತಿರುಗುತ್ತದೆ. ಅದೇ ಪಾಚಿ ಉಸಿರಾಡುತ್ತಾ ಆಮ್ಲಜನಕ ಹೀರಲು ಶುರುಮಾಡುತ್ತದೆ. ಸತ್ತ ಪಾಚಿ ಕೊಳೆಯುವುದಕ್ಕೂ ಅದೇ ಬೇಕು. ಬೆಳಗಿನ ಜಾವಕ್ಕೆ ತಳ ಮುಟ್ಟುತ್ತದೆ. ಹಿಂದಿನ ದಿನ ಮೋಡ ಮುಚ್ಚಿದ್ದರಂತೂ ಕೇಳಬೇಡಿ.

ಅಂಥ ಒಂದು ಮೋಡದ ದಿನ ಕಳೆದ ಮೇಲೆ, ಬೆಳಗ್ಗೆ ಐದು ಗಂಟೆಗೆ ಟಾರ್ಚ್ ಹಿಡಿದು ಹೋಗಿದ್ದೆವು. ಕೆರೆ ತುಂಬ ಬಾಯಿ. ಬಿತ್ತಿದ ಕಾಟ್ಲಾಗಳೆಲ್ಲ ಮೇಲೆ ಬಂದು, ದುಂಡಗೆ ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದವು. ಚಪ್ ಚಪ್ ಅಂತ ಸಣ್ಣ ಸದ್ದು. ಸೆಲ್ಫಿ ಬೋರ್ಡಿನ ಕೆಳಗೆ ಆಗಲೇ ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವೂ ಇದ್ದವು. ನಡುವೆ ಕಾರಂಜಿ, ಆಫ್ ಆಗಿ, ನೆಟ್ಟಗೆ ನಿಂತಿತ್ತು.

ಅವತ್ತೇ ಹೋಗಿ ಕೇಳಿದೆವು. ಸಂಜೆಯ ಆ ಎರಡು ತಾಸಿನ ಬದಲು ಬೆಳಗಿನ ಜಾವ ಮೂರರಿಂದ ಆರರವರೆಗೆ ಕಾರಂಜಿ ಹಾಕಿಸಿ, ಹಾಗೇ ಮೋರಿಗೂ ಒಂದು ದಾರಿ ನೋಡಿ ಅಂತ. ಸಾಹೇಬರು ಮೇಷ್ಟ್ರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

‘ಸಾರ್, ಆ ಹೊತ್ತಲ್ಲಿ ಅದನ್ನ ನೋಡೋಕೆ ಯಾರು ಬರ್ತಾರೆ?’

‘ಮೀನು ಬರ್ತವೆ’ ಅಂದರು ಮೇಷ್ಟ್ರು.

ಸಾಹೇಬರು ಡೈರಿಯಲ್ಲಿ ಬರೆದುಕೊಂಡರು. ಕ್ರಮವೂ ಆಯಿತು, ಬೇಗನೇ ಆಯಿತು. ಗೇಟಿನ ಮೇಲೆ ಹೊಸ ಬೋರ್ಡು ಬಂದಿದೆ. ಬೆಳಗ್ಗೆ 7ಕ್ಕೆ ಮೊದಲು ಸಾರ್ವಜನಿಕರಿಗೆ ಪ್ರವೇಶವಿಲ್ಲ.