ಕಾರಿಗೆ ಕೊಟ್ಟರೆ ಯೋಜನೆ, ಬಸ್ಸಿಗೆ ಕೊಟ್ಟರೆ ಬಿಟ್ಟಿ!

ನಮ್ಮ ಹಳೇ ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಬೆಳಿಗ್ಗೆಯಿಂದ ಒಂದೇ ಸಂಭ್ರಮ. ಒಬ್ಬ ಕಾರಿನ ಹೆದ್ದಾರಿ ಟೋಲಿಗೆ ತಗೊಂಡ ಫಾಸ್ಟ್ಯಾಗ್ ವಾರ್ಷಿಕ ಪಾಸಿನ ಸ್ಕ್ರೀನ್‌ಶಾಟ್ ಹಾಕಿದ. ಕೆಳಗೆ ಚಪ್ಪಾಳೆಯ ಸುರಿಮಳೆ. ‘ತೆರಿಗೆ ಕಟ್ಟುವವರಿಗೆ ಕೊನೆಗೂ ಏನೋ ಸಿಕ್ಕಿತು’ ಅಂತ ಇನ್ನೊಬ್ಬ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ಬಂದಾಗ ‘ಬಿಟ್ಟಿ ಭಾಗ್ಯ, ರಾಜ್ಯ ದಿವಾಳಿ’ ಅಂತ ಫಾರ್ವರ್ಡ್ ಮಾಡುತ್ತಿದ್ದ ಮಹಾನುಭಾವ ಇವನೇ. ಮೈ ಉರಿಯಿತು. ಗ್ರೂಪಲ್ಲಿ ಜಗಳ ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ. (ಅವನೂ ಇಲ್ಲಿದ್ದಾನೆ. ಓದಲಿ.)

ಲೆಕ್ಕ ಸರಳ. 2025ರಲ್ಲಿ ಪಾಸ್ ಶುರುವಾದಾಗ ವರ್ಷಕ್ಕೆ 3,000 ರೂಪಾಯಿ, 200 ಟ್ರಿಪ್. ಅಂದರೆ ರಾಷ್ಟ್ರೀಯ ಹೆದ್ದಾರಿಯ ಒಂದು ಟೋಲ್ ದಾಟಲು 15 ರೂಪಾಯಿ. ಒಳಗೆ ನಾಲ್ಕು ಜನ ಕೂತಿದ್ದರೆ ತಲೆಗೆ ನಾಲ್ಕು ರೂಪಾಯಿಯೂ ಇಲ್ಲ. ಆದರೆ ಇದು ಸ್ವಂತ ಕಾರು, ಜೀಪು, ವ್ಯಾನಿಗೆ ಮಾತ್ರ. ಬಸ್ಸಿಗಿಲ್ಲ.

ಈಗ ಹಿಂದಕ್ಕೆ ಹೋಗಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಟೋಲ್ ಶುರುವಾಯಿತು. ಕೂಡಲೇ ಸರ್ಕಾರಿ ಬಸ್ಸಿನ ಟಿಕೆಟ್ ಮೇಲೆ ಬಳಕೆದಾರರ ಶುಲ್ಕ ಬಿತ್ತು. ಸಾಮಾನ್ಯ ಬಸ್ಸಿಗೆ 15, ರಾಜಹಂಸಕ್ಕೆ 18, ಮಲ್ಟಿ ಆಕ್ಸಲ್‌ಗೆ 20. ನೋಡಿ, ಅದೇ 15! ಪಾಸ್ ಇದ್ದರೆ ಇಡೀ ಕಾರಿಗೆ 15. ಬಸ್ಸಲ್ಲಿ ಒಬ್ಬೊಬ್ಬರಿಗೂ 15. ಇದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಹೆಂಗಸರ ಟಿಕೆಟ್ ಫ್ರೀ ಅಂತೀರಲ್ಲ, ಬಸ್ಸಿಗೆ ಟೋಲ್ ಫ್ರೀ ಆಗಿದೆಯಾ? ಆ ಟಿಕೆಟಿನ ದುಡ್ಡನ್ನು ರಾಜ್ಯ ಸರ್ಕಾರ ಬಸ್ ನಿಗಮಕ್ಕೆ ತುಂಬಿಕೊಡಬೇಕು. ನಿಗಮ ಅದರಲ್ಲೇ ಟೋಲ್ ಕಟ್ಟಬೇಕು. ಡೀಸೆಲ್ ಹಾಕಿಸುವಾಗ ರಸ್ತೆಯ ಹೆಸರಲ್ಲಿ ಸೆಸ್ ಬೇರೆ. ಇಂಧನದ ಮೇಲೆ ತೆರಿಗೆ ಹಾಕಿ ರಸ್ತೆ ಮಾಡಿ ಅಂತ 1927ರಲ್ಲಿ ನೇಮಕವಾದ ಜಯಕರ್ ಸಮಿತಿ ಹೇಳಿತ್ತು. 1929ರಲ್ಲಿ ರಸ್ತೆ ನಿಧಿಯೂ ಬಂತು. ಅವತ್ತಿಂದ ಕಟ್ಟುತ್ತಲೇ ಇದ್ದೇವೆ. ಮೇಲೆ ಟೋಲ್.

2025ರ ಜನವರಿಯಲ್ಲಿ ನಮ್ಮ ಬಸ್ ದರ ಶೇ. 15 ಏರಿತು. ಅದೇ ವರ್ಷ ಆಗಸ್ಟ್ 15ಕ್ಕೆ ಕಾರಿನವರಿಗೆ ಪಾಸ್. ಒಂದು ರಾಜ್ಯದ್ದು, ಇನ್ನೊಂದು ಕೇಂದ್ರದ್ದು ಅಂತ ನನಗೂ ಗೊತ್ತು ಮಾರಾಯ್ರೇ. ಬಸ್ ಸ್ಟ್ಯಾಂಡಲ್ಲಿ ಚಿಲ್ಲರೆ ಎಣಿಸುವವನಿಗೆ ಎರಡೂ ಸರ್ಕಾರವೇ.

ಅಂದ ಹಾಗೆ, ಪಾಸ್ ನನ್ನ ಹತ್ತಿರವೂ ಇದೆ. ಸಿಗುವ ರಿಯಾಯಿತಿ ಬಿಡೋಕೆ ನಾನೇನು ಸನ್ಯಾಸಿಯಾ? ಆದರೆ ಅಪ್ಪ ಖಾಕಿ ಹಾಕಿಕೊಂಡು ಟಿಕೆಟ್ ಹರಿದ ದುಡ್ಡಲ್ಲಿ ಓದಿದವನು ನಾನು, ನಿಮಗೆಲ್ಲ ಗೊತ್ತೇ ಇದೆ. ಬಸ್ಸಲ್ಲಿ ಹೋಗುವವರನ್ನು ಬಿಟ್ಟಿ ಗಿರಾಕಿಗಳು ಅಂದರೆ ಸುಮ್ನೆ ಇರೋಕಾಗಲ್ಲ.

ಈಗ ಯಾರಾದರೂ ಕಾಮೆಂಟಲ್ಲಿ ಬರ್ತಾರೆ: ‘ಬಸ್ ಭಾರ ಜಾಸ್ತಿ, ರಸ್ತೆ ಹಾಳಾಗುತ್ತೆ’. ಸರಿ ಸ್ವಾಮಿ, ಒಪ್ಪಿದೆ. 2008ರ ಟೋಲ್ ನಿಯಮದಲ್ಲೇ ಆ ಲೆಕ್ಕ ಇದೆ. ಮೂಲ ದರ ಕಿಲೋಮೀಟರಿಗೆ ಕಾರಿಗೆ 65 ಪೈಸೆ, ಬಸ್ಸು ಲಾರಿಗೆ 2 ರೂಪಾಯಿ 20 ಪೈಸೆ. ಹತ್ತಿರ ಹತ್ತಿರ ಮೂರೂವರೆ ಪಟ್ಟು. ‘ಬಸ್ಸಿಗೆ ತಿಂಗಳ ಟೋಲ್ ಪಾಸ್ ಇದೆಯಲ್ಲ’ ಅಂತಲೂ ಹೇಳಬೇಡಿ. ಅದರಲ್ಲಿ ಕಡಿಮೆಯಾಗೋದು ಮೂರರಲ್ಲಿ ಒಂದು ಭಾಗ ಅಷ್ಟೇ, ಮತ್ತೆ ಅದು ಕಾರಿಗೂ ಇತ್ತು.

ಹಾಗಾದರೆ ಆ 3,000ಕ್ಕೆ ಅದೇ ಮೂರೂವರೆ ಪಟ್ಟು ಹಾಕಿ ಬಸ್ಸಿಗೂ ವಾರ್ಷಿಕ ಪಾಸ್ ಕೊಡಿ. 200 ಟ್ರಿಪ್ಪಿಗೆ ಹತ್ತೂವರೆ ಸಾವಿರ. ಒಂದು ಟೋಲಿಗೆ 52 ರೂಪಾಯಿ 50 ಪೈಸೆ. 50 ಜನರ ಬಸ್ಸಲ್ಲಿ ತಲೆಗೆ ಒಂದು ರೂಪಾಯಿ ಚಿಲ್ಲರೆ. ಇದನ್ನು ಗ್ರೂಪಲ್ಲಿ ಹಾಕ್ತೀನಿ, ಚಪ್ಪಾಳೆ ಎಷ್ಟು ಬೀಳುತ್ತೋ ನೋಡೋಣ.