ಜ್ಞಾನಶಾಖೆಗಳ ಹೆಸರು ಕನ್ನಡದಲ್ಲೇ ಇರಬೇಕೆ?

ಪ್ರಶ್ನೆ: ಕೊಡಗಿನ ಸಂಶೋಧನಾ ಕೇಂದ್ರ, ಆಸ್ಪತ್ರೆ ಮತ್ತು ಕಚೇರಿಗಳ ಫಲಕಗಳಲ್ಲಿಯೂ ಬೆಳೆಗಾರರ ಸಭೆಗಳಲ್ಲಿಯೂ ಪರಿಣತಿಯ ಕ್ಷೇತ್ರಗಳನ್ನು ಕನ್ನಡದ ಹೆಸರಿನಿಂದಲೇ ಕರೆಯಬೇಕೆ?

ಪರ

ವಾರಗಟ್ಟಲೆ ಬಿಸಿಲು ಕಾಣದ ಜುಲೈ ತಿಂಗಳಲ್ಲಿ, ನೆರಳು ಹೆಚ್ಚಾದ ತೋಟದ ಕಾಫಿ ಎಲೆಗಳು ಕಪ್ಪಾಗಿ ಕೊಳೆತು, ನೂಲಿನಂಥ ಎಳೆಗೆ ಅಂಟಿಕೊಂಡು ರೆಂಬೆಯಿಂದ ಜೋತುಬೀಳುವುದನ್ನು ಕೊಡಗಿನ ಬೆಳೆಗಾರರು ಬಲ್ಲರು. ಅದನ್ನು ನಾವು ಕೊಳೆರೋಗ ಎನ್ನುತ್ತೇವೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಶಿಲೀಂಧ್ರತಜ್ಞ ಎಂ. ಸಿ. ಕುಕ್ ಈ ರೋಗ ತರುವ ಶಿಲೀಂಧ್ರಕ್ಕೆ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದು ನಾಮಕರಣ ಮಾಡಿದಾಗ ನಮ್ಮ ತೋಟದ ಮಾತು ಹಾಗೆಯೇ ಲ್ಯಾಟಿನ್ ಹೆಸರಿನೊಳಗೆ ಸೇರಿತು. 1958ರಲ್ಲಿ ಅದೇ ಪದ ಒಂದು ಶಿಲೀಂಧ್ರ ಕುಲದ ಹೆಸರೂ ಆಯಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ರೋಗವನ್ನು ಕುರಿತು ಇಂಗ್ಲಿಷಿನಲ್ಲಿ ಬರೆಯುವಾಗಲೂ ಕೊಳೆರೋಗ ಎಂಬ ಹೆಸರನ್ನೇ ಉಳಿಸಿಕೊಂಡರು. ಏಲಕ್ಕಿಯ ಕಟ್ಟೆ ರೋಗ ಮತ್ತು ಕೊಕ್ಕೆ ಕಂದು ರೋಗಗಳು ಇಂದಿಗೂ ಇಂಗ್ಲಿಷ್ ಪ್ರಬಂಧಗಳಲ್ಲಿ ಇದೇ ಹೆಸರುಗಳಿಂದ ಕಾಣಿಸಿಕೊಳ್ಳುತ್ತವೆ. ರೋಗದ ಹೆಸರನ್ನು ಲೋಕಕ್ಕೆ ಕೊಟ್ಟ ಭಾಷೆಗೆ ಆ ರೋಗವನ್ನು ಅಭ್ಯಾಸ ಮಾಡುವ ಶಾಸ್ತ್ರವನ್ನು ಹೆಸರಿಸುವ ಶಕ್ತಿಯಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ.

ಹೆಸರು ಇರುವುದು ದಾರಿ ತೋರಿಸುವುದಕ್ಕೆ. ಅರೇಬಿಕಾ ಗಿಡ ಹಳದಿಯಾಗಿ ಬಾಡತೊಡಗಿದರೆ, ಅದಕ್ಕೆ ಕಾಂಡ ಹೊಕ್ಕ ಬಿಳಿ ಕಾಂಡಕೊರಕ ಕಾರಣವೋ, ಬೇರಿಗೆ ಹತ್ತಿದ ರೋಗವೋ, ಮಣ್ಣಿನ ಹುಳಿ ಹೆಚ್ಚಿತೋ ಎಂಬ ಅನುಮಾನ ಬೆಳೆಗಾರನಿಗೆ ಮೊದಲು ಹುಟ್ಟುತ್ತದೆ. ಆಗ ಅವನ ಮುಂದೆ ಕೀಟಶಾಸ್ತ್ರ, ಸಸ್ಯರೋಗಶಾಸ್ತ್ರ, ಮಣ್ಣು ವಿಜ್ಞಾನ ಎಂಬ ಮೂರು ಹೆಸರುಗಳಿದ್ದರೆ ಯಾರನ್ನು ಕೇಳಬೇಕೆಂಬುದನ್ನು ಅವೇ ಹೇಳಿಬಿಡುತ್ತವೆ. ಎಂಟಮಾಲಜಿ, ಪ್ಯಾಥಾಲಜಿ ಎಂದು ಬರೆದರೆ, ಅದನ್ನು ಮೊದಲೇ ಓದಿದವನಿಗೆ ಮಾತ್ರ ದಾರಿ ಗೊತ್ತಾಗುತ್ತದೆ. ಪ್ಯಾಥಾಲಜಿ ಎಂದೊಡನೆ ರಕ್ತ ಪರೀಕ್ಷೆಯ ಲ್ಯಾಬನ್ನು ನೆನೆಸಿಕೊಳ್ಳುವವರೇ ನಮ್ಮಲ್ಲಿ ಹೆಚ್ಚು.

ಕೆಲವು ವರ್ಷಗಳ ಹಿಂದೆ ನನ್ನ ತಾಯಿಯನ್ನು ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆ. ನಾನು ಔಷಧದ ಚೀಟಿ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಅವರೊಬ್ಬರೇ ಒಳಗೆ ಹೋಗಬೇಕಾಯಿತು. ಫಲಕದಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ನೆಫ್ರಾಲಜಿ’ ಎಂದಿತ್ತು. ಏಳನೆಯ ತರಗತಿಯವರೆಗೆ ಕನ್ನಡ ಓದಿ, ಎಪ್ಪತ್ತರ ವಯಸ್ಸಿನಲ್ಲಿಯೂ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಿದ್ದ ಅವರು ಆ ಪದದ ಪ್ರತಿ ಅಕ್ಷರವನ್ನೂ ಸರಿಯಾಗಿ ಓದಿದರು, ಆದರೆ ಅರ್ಥವಾಗದೆ ಒಂದೂವರೆ ಗಂಟೆ ಬೇರೊಂದು ಬಾಗಿಲ ಮುಂದೆ ಕುಳಿತರು. ‘ಮೂತ್ರಪಿಂಡ ವಿಭಾಗ’ ಎಂದಿದ್ದರೆ ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಓದು ಬಲ್ಲವರನ್ನು ಓದು ಬಾರದವರಂತೆ ಮಾಡುವ ಫಲಕ ಅದು. ಅಂದಿನ ಅವರ ಮುಖ ನನ್ನ ಕಣ್ಣಿನಿಂದ ಇನ್ನೂ ಮರೆಯಾಗಿಲ್ಲ.

ಕನ್ನಡದ ಹೆಸರುಗಳು ಬಾಯಿಗೆ ಹತ್ತುವುದಿಲ್ಲ ಎನ್ನುತ್ತಾರೆ. ಸಸ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಎಂಬ ಹೆಸರುಗಳೂ ಒಂದು ಕಾಲದಲ್ಲಿ ಹೊಸವೇ ಆಗಿದ್ದವು. ಶಾಲೆಯೂ ಪತ್ರಿಕೆಯೂ ಅವನ್ನು ಬಿಡದೆ ಬಳಸಿದ್ದರಿಂದ ಅವು ಹತ್ತಿದವು.

ವಿರೋಧ

ಕೊಳೆರೋಗದ ಉದಾಹರಣೆಯನ್ನು ನಾನೂ ಹೆಮ್ಮೆಯಿಂದಲೇ ನೆನೆಯುತ್ತೇನೆ, ಆದರೆ ಅದು ನನ್ನ ವಾದಕ್ಕೇ ಬಲ ಕೊಡುತ್ತದೆ. ಕೊಳೆರೋಗ, ಕಟ್ಟೆ, ಕೊಕ್ಕೆ ಕಂದು ಎಂಬ ಪದಗಳನ್ನು ಯಾವ ಸಮಿತಿಯೂ ರಚಿಸಲಿಲ್ಲ. ಮಳೆಯಲ್ಲಿ ನೆನೆಯುತ್ತ ಗಿಡ ನೋಡಿದವರು ಕಂಡದ್ದನ್ನು ಹಾಗೆಯೇ ಹೇಳಿದರು. ‘ಸಸ್ಯರೋಗಶಾಸ್ತ್ರ’ ಹಾಗೆ ಹುಟ್ಟಿದ ಪದವಲ್ಲ. ಅದು ಸಂಸ್ಕೃತದ ಮೂರು ತುಂಡುಗಳನ್ನು ಜೋಡಿಸಿ ಪಠ್ಯಪುಸ್ತಕಕ್ಕಾಗಿ ಮಾಡಿದ ಪದ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ನುಡಿಗಳನ್ನಾಡುವ ಕೊಡಗಿನ ಜನರಲ್ಲಿ ಬಹುಮಂದಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಭಾಷೆಯಾಗಿರುವಾಗ, ಅದರ ಅತ್ಯಂತ ಪುಸ್ತಕೀಯವಾದ ಪದಗಳು ಅವರಿಗೆ ಎಂಟಮಾಲಜಿಗಿಂತ ಹತ್ತಿರವಾಗಿರುತ್ತವೆ ಎಂದು ಭಾವಿಸುವುದು ಸರಿಯಲ್ಲ.

‘ಶಾಸ್ತ್ರ’ ಎಂಬ ಪದದ ಬಗೆಗೇ ನನಗೆ ಹೆಚ್ಚಿನ ಆತಂಕವಿದೆ. ನಮ್ಮ ಆಡುಮಾತಿನಲ್ಲಿ ಶಾಸ್ತ್ರ ಕೇಳುವುದು ಎಂದರೆ ಕಣಿ ಕೇಳುವುದು. ಮದುವೆಯಲ್ಲಿ ಶಾಸ್ತ್ರವೆಂದರೆ ಆಚರಣೆ. ಶಾಸ್ತ್ರಕ್ಕೆ ಮಾಡಿದ್ದು ಎಂದರೆ ಮನಸ್ಸಿಲ್ಲದೆ ಮಾಡಿದ್ದು. ಪ್ರಯೋಗದಿಂದ ಬೆಳೆಯುವ, ತಪ್ಪೆಂದು ಕಂಡರೆ ತನ್ನನ್ನೇ ತಿದ್ದಿಕೊಳ್ಳುವ ಕೀಟಶಾಸ್ತ್ರವನ್ನೂ, ಹಾಗೆ ತಿದ್ದಿಕೊಳ್ಳದ ವಾಸ್ತುಶಾಸ್ತ್ರವನ್ನೂ ಒಂದೇ ಪದದ ಕೆಳಗೆ ಇಟ್ಟರೆ, ಎರಡಕ್ಕೂ ಒಂದೇ ಬಗೆಯ ಆಧಾರವಿದೆ ಎಂದು ಮಕ್ಕಳು ತಿಳಿಯುವ ಅಪಾಯವಿದೆ. ತರಗತಿಯಲ್ಲಿ ನಿಂತು ಈ ವ್ಯತ್ಯಾಸವನ್ನು ಬಿಡಿಸಿ ಹೇಳಲು ಪ್ರಯಾಸಪಟ್ಟವಳು ನಾನು. ‘ವಿಜ್ಞಾನ’ ಎಂದು ಬದಲಿಸೋಣವೆಂದರೆ ಅರ್ಧ ಪುಸ್ತಕಗಳು ಹಾಗೆ, ಅರ್ಧ ಪುಸ್ತಕಗಳು ಹೀಗೆ ಇವೆ.

ಹೆಸರು ನೆಲೆ ನಿಲ್ಲದಿದ್ದರೆ ಏನಾಗುತ್ತದೆಂಬುದನ್ನು 2018ರ ಆಗಸ್ಟ್ ನಮಗೆ ತೋರಿಸಿತು. ಮಕ್ಕಂದೂರು, ಹಟ್ಟಿಹೊಳೆ, ಮದೆನಾಡು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಮನೆ, ತೋಟ, ಜೀವಗಳು ಹೋದ ಮೇಲೆ, ಬೆಟ್ಟ ಇನ್ನೂ ಜಾರುವುದೇ, ಮನೆಗೆ ಮರಳಬಹುದೇ ಎಂಬುದೊಂದೇ ಎಲ್ಲರ ಪ್ರಶ್ನೆಯಾಗಿತ್ತು. ಉತ್ತರ ಕೊಡುವವರನ್ನು ಒಂದು ಕಡೆ ಭೂವಿಜ್ಞಾನಿ, ಇನ್ನೊಂದು ಕಡೆ ಭೂಗರ್ಭಶಾಸ್ತ್ರಜ್ಞ, ಮತ್ತೊಂದು ಕಡೆ ಬರಿದೇ ‘ತಜ್ಞ’ ಎಂದು ಕರೆಯಲಾಗುತ್ತಿತ್ತು. ಮೊದಲಿನ ಎರಡು ಒಂದೇ ವಿದ್ಯೆಯ ಹೆಸರುಗಳೆಂದು ಪರಿಹಾರ ಕೇಂದ್ರದಲ್ಲಿದ್ದವರಿಗೆ ತಿಳಿಯುವುದು ಹೇಗೆ? ತಜ್ಞ ಎಂದರೆ ‘ಅದನ್ನು ಬಲ್ಲವನು’ ಎಂದರ್ಥ. ‘ಅದು’ ಯಾವುದೆಂದು ಹೇಳದೆ ಆ ಪದವನ್ನು ಬಳಸಿದಾಗ, ಬಂಡೆಯನ್ನು ಬಲ್ಲವರ ಮಾತಿಗೂ ಮಳೆಯನ್ನು ಬಲ್ಲವರ ಮಾತಿಗೂ ಏನನ್ನೂ ಅಳೆಯದೆ ಜಲಸ್ಫೋಟವೆಂದು ಹೇಳಿದವರ ಮಾತಿಗೂ ಒಂದೇ ತೂಕ ಬಂದಿತು.

ಆಸ್ಪತ್ರೆಯಲ್ಲಿ ಆ ತಾಯಿ ಕಾಯಬೇಕಾಗಿ ಬಂದದ್ದು ನಿಜವಾಗಿಯೂ ನೋವಿನ ಸಂಗತಿ. ಆದರೆ ಮೂತ್ರಪಿಂಡವನ್ನು ಔಷಧ ಮತ್ತು ಡಯಾಲಿಸಿಸ್‌ನಿಂದ ನೋಡಿಕೊಳ್ಳುವ ನೆಫ್ರಾಲಜಿ ಬೇರೆ, ಕಲ್ಲು ತೆಗೆಯುವ, ಮೂತ್ರನಾಳದ ಶಸ್ತ್ರಚಿಕಿತ್ಸೆ ಮಾಡುವ ಯೂರಾಲಜಿ ಬೇರೆ. ಮೂತ್ರಪಿಂಡ ತಜ್ಞ, ಮೂತ್ರರೋಗ ತಜ್ಞ ಎಂದು ಎರಡು ಬಾಗಿಲಿಗೆ ಬರೆದರೆ ಮೂತ್ರಪಿಂಡದಲ್ಲಿ ಕಲ್ಲಿರುವವರು ಯಾವ ಬಾಗಿಲಿಗೆ ಹೋಗಬೇಕು? ಔಷಧದ ಚೀಟಿಯಲ್ಲಿಯೂ ವಿಮೆಯ ಕಾಗದದಲ್ಲಿಯೂ ನೆಫ್ರಾಲಜಿ ಎಂದೇ ಇರುವುದರಿಂದ, ಆ ಪದ ಫಲಕದಿಂದ ಮಾಯವಾದರೆ ಚೀಟಿಗೂ ಬಾಗಿಲಿಗೂ ಇರುವ ಕೊಂಡಿ ಕಳಚುತ್ತದೆ.

ಕಿಡ್ನಿ, ಡಾಕ್ಟರ್, ಲ್ಯಾಬ್ ಎಂಬ ಪದಗಳನ್ನು ನಮ್ಮ ಜನ ಸ್ವಂತದ್ದಾಗಿಸಿಕೊಂಡಿದ್ದಾರೆ. ವಿದ್ಯೆಯ ಹೆಸರು ಲೋಕದಲ್ಲಿ ಇದ್ದಂತೆಯೇ ಇರಲಿ. ಅದರ ಕೆಳಗೆ, ಕೊಳೆರೋಗ ಎಂದು ಹೆಸರಿಟ್ಟವರು ಮಾತನಾಡುತ್ತಿದ್ದಷ್ಟೇ ಸರಳವಾದ ಕನ್ನಡದಲ್ಲಿ ಕೆಲಸವನ್ನು ಬರೆಯೋಣ. ಸಂಶೋಧನಾ ಕೇಂದ್ರದ ಬಾಗಿಲಿನ ಮೇಲೆ ‘ಎಂಟಮಾಲಜಿ: ಗಿಡಕ್ಕೆ ಹುಳು ಬಿದ್ದಿದ್ದರೆ ಇಲ್ಲಿ ಕೇಳಿ’ ಎಂದೂ, ಆಸ್ಪತ್ರೆಯ ಬಾಗಿಲಿನ ಮೇಲೆ ‘ನೆಫ್ರಾಲಜಿ: ಕಿಡ್ನಿಗೆ ಔಷಧ, ಡಯಾಲಿಸಿಸ್’ ಎಂದೂ, ಅದರ ಪಕ್ಕದಲ್ಲಿ ‘ಯೂರಾಲಜಿ: ಕಿಡ್ನಿಯ ಕಲ್ಲು, ಆಪರೇಷನ್’ ಎಂದೂ ಇರಲಿ.