ಮೂರು ಪಾಯಿಂಟಿನ ಬಟನ್ನು

ನಮ್ಮ ಸಾಫ್ಟ್‌ವೇರಿನ ಒಂದು ಬಟನ್ನಿನ ಮೇಲೆ ‘ಕಳಿಸು’ ಅಂತ ಇದ್ದದ್ದನ್ನು ‘ಕಳಿಸಿ’ ಅಂತ ಮಾಡಬೇಕಿತ್ತು. ಏಕವಚನದಲ್ಲಿ ಗದರಿದಂತಾಗುತ್ತದೆ ಎಂದು ಗ್ರಾಹಕರ ದೂರು. ಎಷ್ಟು ಹೊತ್ತು ಬೇಕು ಅಂದರು. ನಾನು ಹೊಸಬ, ‘ಹತ್ತು ನಿಮಿಷ’ ಅಂದುಬಿಟ್ಟೆ. ತಂಡದ ಕೆಲಸ ಪದ್ಧತಿ ಪ್ರಕಾರ ನಡೆಯುವಂತೆ ನೋಡಿಕೊಳ್ಳುವ ಸ್ಕ್ರಮ್ ಮಾಸ್ಟರ್ ಮುಖ ಹುಳ್ಳಗಾಯಿತು. ನಮ್ಮ ಅಜೈಲ್‌ನಲ್ಲಿ, ಅಂದರೆ ಸಾಫ್ಟ್‌ವೇರನ್ನು ಸ್ವಲ್ಪಸ್ವಲ್ಪವಾಗಿ ಮಾಡಿ ಕೊಡುವ ಪದ್ಧತಿಯಲ್ಲಿ, ನಿಮಿಷ, ದಿನ ಎಂದೆಲ್ಲ ಬಾಯಿ ಬಿಡಬಾರದಂತೆ. ಪಾಯಿಂಟ್ ಅನ್ನಬೇಕು, ಅದು ಕೆಲಸ ಎಷ್ಟು ದೊಡ್ಡದು ಎಂಬುದರ ಅಂದಾಜು.

ಸರಿ, ಏಳು ಜನ ಕೂತು ಪ್ಲಾನಿಂಗ್ ಪೋಕರ್ ಆಡಿದೆವು, ಒಬ್ಬೊಬ್ಬರೂ ತಮ್ಮ ಅಂದಾಜಿನ ಎಲೆ ಇಡುವ ಆಟ. ಎಲೆಗಳ ಮೇಲೆ 1, 2, 3, 5, 8, 13. ನಾಲ್ಕು ಇಲ್ಲ, ಅಷ್ಟು ಕರಾರುವಾಕ್ಕಾಗಿ ಹೇಳಲು ನಾವ್ಯಾರು ಎಂಬ ವಿನಯ. ನಾನು 1 ಇಟ್ಟೆ, ಟೆಸ್ಟರ್ 8 ಇಟ್ಟರು. ಒಂದು ಗಂಟೆ ಜಗ್ಗಾಡಿ 3ಕ್ಕೆ ಇಳಿದೆವು. ಏಳು ಜನರ ಆ ಏಳು ಗಂಟೆ ಯಾವ ಲೆಕ್ಕಕ್ಕೂ ಸೇರಲಿಲ್ಲ, ಅದು ಕೆಲಸವಲ್ಲವಲ್ಲ!

‘ಮೂರು ಅಂದರೆ ಎಷ್ಟು ದಿನ?’ ಗ್ರಾಹಕರು ಬಿಡಲಿಲ್ಲ.

‘ಎರಡಕ್ಕಿಂತ ಜಾಸ್ತಿ, ಐದಕ್ಕಿಂತ ಕಮ್ಮಿ.’

‘ಎರಡು ಏನು?’

‘ಪಾಯಿಂಟು.’

2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಅದರ ಜೊತೆಗಿರುವ 12 ತತ್ವಗಳಲ್ಲಿ ಒಂದು, ಕೆಲಸ ಮಾಡುವ ಸಾಫ್ಟ್‌ವೇರನ್ನು ಒಂದೆರಡು ವಾರಕ್ಕೋ ಒಂದೆರಡು ತಿಂಗಳಿಗೋ ಕೈಗಿಡಬೇಕು, ಬೇಗನೆ ಆದಷ್ಟೂ ಒಳ್ಳೆಯದು ಅನ್ನುತ್ತದೆ. ಪಾಪ, ಅವರು ನಮ್ಮ ಕೆಲಸಗಳ ಪಟ್ಟಿಯ ಬೋರ್ಡು ನೋಡಿರಲಿಲ್ಲ.

ಕೋಡನ್ನು ನಾನು ಎಂಟೇ ನಿಮಿಷದಲ್ಲಿ ಮುಗಿಸಿದೆ. ಆಮೇಲೆ ಇನ್ನೊಬ್ಬರು ಅದನ್ನು ಓದಿ ಒಪ್ಪುವ ರಿವ್ಯೂಗೆ ಆರು ದಿನ, ಟೆಸ್ಟ್ ಸರ್ವರ್ ಬಿಡುವಾಗಲು ಐದು ದಿನ. ಅಷ್ಟರಲ್ಲಿ ಸ್ಪ್ರಿಂಟ್ ಎಂಬ ಕೆಲಸದ ಸುತ್ತೇ ಮುಗಿದು ನನ್ನ ಟಿಕೆಟ್, ಅಂದರೆ ಬೋರ್ಡಿನ ಮೇಲಿನ ಆ ಕೆಲಸದ ಚೀಟಿ, ಮುಂದಿನದಕ್ಕೆ ಜಾರಿತು. ದಿನಾ ಬೆಳಿಗ್ಗೆ 15 ನಿಮಿಷದ ಸ್ಟ್ಯಾಂಡಪ್ ಎಂಬ ನಿಂತ ಸಭೆಯಲ್ಲಿ ನನ್ನದು ಒಂದೇ ಪಾಠ: ‘ನಿನ್ನೆ ಕಾದೆ. ಇವತ್ತು ಕಾಯುತ್ತೇನೆ. ಅಡ್ಡಿಯೇನೂ ಇಲ್ಲ.’

ಬೇಸರಕ್ಕೆ ಲಿಟಲ್‌ನ ನಿಯಮ ಹಚ್ಚಿ ನೋಡಿದೆ. ಕೈಯಲ್ಲಿರುವ ಕೆಲಸಗಳನ್ನು, ಅವು ಮುಗಿಯುವ ವೇಗದಿಂದ ಭಾಗಿಸಿದರೆ ಒಂದೊಂದಕ್ಕೆ ಸರಾಸರಿ ಎಷ್ಟು ಕಾಲ ಹಿಡಿಯುತ್ತದೆಂದು ಸಿಗುತ್ತದೆ. ಜಾನ್ ಲಿಟಲ್ 1961ರಲ್ಲೇ ಸಾಧಿಸಿ ತೋರಿಸಿದ್ದು. ನಮ್ಮ ಬೋರ್ಡಿನಲ್ಲಿ ಅರ್ಧಂಬರ್ಧ ಟಿಕೆಟ್ 40, ಎರಡು ವಾರದ ಸ್ಪ್ರಿಂಟಿಗೆ ಮುಗಿಯುವುದು 8. ಅಂದರೆ ಹತ್ತು ವಾರ. ಸಭೆಯಲ್ಲಿ ಹೇಳಿದೆ. ‘ವಾರದ ಮಾತು ಬೇಡ, ವೆಲಾಸಿಟಿ ಏರಿಸೋಣ’ ಎಂದರು. ವೆಲಾಸಿಟಿ ಅಂದರೆ ಒಂದು ಸ್ಪ್ರಿಂಟಿನಲ್ಲಿ ಮುಗಿಸುವ ಪಾಯಿಂಟುಗಳ ಮೊತ್ತ.

ಏರಿಸಿದೆವು. ಅದೇ ಬಟನ್ನಿಗೆ ಈಗ 5 ಪಾಯಿಂಟು, ಉಳಿದವಕ್ಕೂ ಹಾಗೇ ಒಂದೊಂದು ಮೆಟ್ಟಿಲು. ಗ್ರಾಫು ನೆಟ್ಟಗೆ ಮೇಲೆದ್ದಿತು, ಮೇಲಿನವರು ಚಪ್ಪಾಳೆ ತಟ್ಟಿದರು. ಗ್ರಾಹಕರಿಗೂ ಆ ಗ್ರಾಫನ್ನೇ ತೋರಿಸಿದೆವು. ಅವರು ತಮ್ಮ ಅಭಿಪ್ರಾಯ ಬರೆದು, ‘ಕಳಿಸು’ ಒತ್ತಿದರು.